ಸಿನಿಮಾ ಠಾಣೆಯಲ್ಲಿ ಬರೆದ ದೂರು

ದಫೇದಾರನ ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಇಪ್ಪತ್ತೊಂಬತ್ತು ವರ್ಷದ ಪೊಲೀಸ್ ನೌಕರಿಯಲ್ಲಿ ಅವನು ಲಾಠಿ ಹಿಡಿದದ್ದು ಅಪರೂಪ, ಹಿಡಿದದ್ದೆಲ್ಲ ಪೆನ್ನು. ಠಾಣೆಯ ಬಾಗಿಲ ಪಕ್ಕದ ಮೇಜು ಅವನದು. ಅದರ ಮೇಲೆ ದೂರಿನ ಪುಸ್ತಕ, ದಿನಚರಿ ಪುಸ್ತಕ, ಮಸಿಯ ಪ್ಯಾಡು, ಹಿಡಿ ಸವೆದ ಸೀಲು.

ಬರೆಯುವುದರಲ್ಲಿ ಅವನು ಗಟ್ಟಿಗ, ನಿಜ. ಆದರೆ ಬರೆಯದೆ ಇರುವುದರಲ್ಲಿ ಅವನನ್ನು ಮೀರಿಸುವವರು ಸುತ್ತಮುತ್ತ ಯಾವ ಠಾಣೆಯಲ್ಲೂ ಇರಲಿಲ್ಲ. ಒಂದು ಊರಿನಲ್ಲಿ ಅಪರಾಧ ಕಡಿಮೆಯಾಗಬೇಕಾದರೆ ಎರಡೇ ದಾರಿ. ಕಳ್ಳರನ್ನು ಹಿಡಿಯಬೇಕು, ಇಲ್ಲವೇ ದೂರು ಬರೆದುಕೊಳ್ಳಬಾರದು. ಎರಡನೆಯದಕ್ಕೆ ಓಡುವ ಶ್ರಮವಿಲ್ಲ. ಬಂದವರ ಮುಖ ನೋಡಿ ದಫೇದಾರ ತಣ್ಣಗೆ, "ಸಾಹೇಬ್ರಿಲ್ಲ, ನಾಳೆ ಬನ್ನಿ" ಅನ್ನುತ್ತಿದ್ದ. ಸಾಹೇಬರು ಒಳಗೇ ಕೂತು ಟೀ ಹೀರುವ ಸದ್ದು ಹೊರಗೆ ಕೇಳುತ್ತಿದ್ದಾಗಲೂ ಹಾಗೇ ಅನ್ನುತ್ತಿದ್ದ. ವರ್ಷಕ್ಕೊಮ್ಮೆ ಮೇಲಿನ ಕಚೇರಿಯಿಂದ ಠಾಣೆಗೆ ಪ್ರಶಂಸಾಪತ್ರ ಬರುತ್ತಿತ್ತು: ಅಪರಾಧ ಇಳಿಮುಖ.

ಹೀಗೆ 'ನಾಳೆ ಬನ್ನಿ' ಅನ್ನಿಸಿಕೊಂಡವರಲ್ಲಿ ಗುಂಡಿ ಅಂಗಡಿಯ ಅಕ್ಕನೂ ಒಬ್ಬಳು. ಅಂಗಿಯ ಗುಂಡಿ, ಕೋಟಿನ ಗುಂಡಿ, ಹುಕ್ಕು, ಜಿಪ್ಪು ಮಾರುವವಳು. ಒಂದು ಗುಂಡಿ ಕಳೆದುಕೊಂಡು ಬಂದವರಿಗೆ ಅಂಥದ್ದೇ ಇನ್ನೊಂದನ್ನು ಸಾವಿರ ಗುಂಡಿಗಳ ಡಬ್ಬಿಯಲ್ಲಿ ಹುಡುಕಿ ತೆಗೆಯುವ ಹಟಮಾರಿ. ಅವಳ ತಮ್ಮ ಅದೇ ಅಂಗಡಿಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ. ಯಾರದೋ ಮನೆಯ ಗೋಡೆ ಗಡಿಯಾರ ಕಳುವಾಯಿತೆಂದು ಸಾಹೇಬರು ಅವನನ್ನು ಠಾಣೆಗೆ ಕರೆಸಿದರು. ಗಡಿಯಾರ ಕಳುವಾದರೆ ಗಡಿಯಾರದವನನ್ನು ಹಿಡಿ, ಇದು ಸಾಹೇಬರ ತನಿಖೆ. ಅವನು "ಗೊತ್ತಿಲ್ಲ ಸಾರ್" ಅಂದ. ಸಾಹೇಬರು ಅವನ ಎಡಗೆನ್ನೆಗೆ ಬಿಟ್ಟರು. ಒಂದೇ ಏಟು. ಅಂದಿನಿಂದ ಅವನ ಎಡಗಿವಿ ಕಲ್ಲಾಯಿತು. ಕಳುವಾದ ಗಡಿಯಾರ ಎರಡು ದಿನ ಬಿಟ್ಟು ಆ ಮನೆಯವರ ಅಟ್ಟದಲ್ಲೇ ಸಿಕ್ಕಿತು, ಆ ಮಾತು ಬೇರೆ.

ಗಡಿಯಾರ ರಿಪೇರಿಯವನಿಗೆ ಕಿವಿ ಎಂದರೆ ಅರ್ಧ ಅಂಗಡಿ. ಇಪ್ಪತ್ತು ವರ್ಷ ಎಡಗಿವಿಗೇ ಗಡಿಯಾರ ಹಿಡಿದು ರೂಢಿ. ಕೈ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಚೆನ್ನಾಗಿ ನಡೆಯುವ ಗಡಿಯಾರವನ್ನೂ ಹಿಡಿದು, "ಇದು ಸತ್ತೋಗಿದೆ" ಎಂದು ಬಿಚ್ಚಿ ಹರಡಿಬಿಡುತ್ತಿದ್ದ. ಪಟ್ಟಿ ಬದಲಾಯಿಸಲು ಕೊಟ್ಟವರು ಹಲ್ಲುಚಕ್ರಗಳ ರಾಶಿ ನೋಡಿ ಬಾಯಿ ಬಡಿದುಕೊಳ್ಳುತ್ತಿದ್ದರು.

ಏಟು ಬಿದ್ದಾಗ ದಫೇದಾರ ಎರಡು ಮಾರು ದೂರದಲ್ಲಿ ಕೂತಿದ್ದ. ದಿನಚರಿ ಪುಸ್ತಕದಲ್ಲಿ ತನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದ: "ವಿಚಾರಣೆಗೆ ಬಂದಾತ ಠಾಣೆಯ ಮೆಟ್ಟಿಲಿನಲ್ಲಿ ಕಾಲು ಜಾರಿ ಬಿದ್ದು ಪೆಟ್ಟು ಮಾಡಿಕೊಂಡಿರುತ್ತಾನೆ." ಠಾಣೆಗೆ ಮೆಟ್ಟಿಲೇ ಇರಲಿಲ್ಲ. ರಸ್ತೆಯಿಂದ ನೇರ ಒಳಗೆ ಸೈಕಲ್ಲು ಬಿಟ್ಟುಕೊಂಡು ಬರಬಹುದಾದ ಸಮತಟ್ಟು ನೆಲ. ಪೊಲೀಸ್ ಕಾಗದದಲ್ಲಿ ಜನ ಬೀಳುವುದು ಮೆಟ್ಟಿಲಿನಲ್ಲೇ, ಆದ್ದರಿಂದ ಅವನ ಪೆನ್ನೂ ರೂಢಿಯ ಮೇಲೆ ಮೆಟ್ಟಿಲು ಕಟ್ಟಿತು. ಅಕ್ಕ ದೂರು ಕೊಡಲು ಬಂದಾಗಲೆಲ್ಲ ಸಾಹೇಬರು ಇರಲಿಲ್ಲ.

ಆ ಹೊತ್ತಿಗೇ ಊರಿಗೆ ಸಿನಿಮಾದವರು ಬಂದದ್ದು.

ಚಿತ್ರದ ಹೆಸರು 'ಲಾಠಿಗೆ ರಜೆ'. ಪೊಲೀಸರ ಹಾಸ್ಯಚಿತ್ರ. ಮುಚ್ಚಿಹೋಗಿದ್ದ ಹಳೆಯ ಅಂಚೆ ಕಚೇರಿಗೆ ಬಣ್ಣ ಬಳಿದು, ಬೋರ್ಡು ಹಾಕಿ, ಒಳಗೊಂದು ಲಾಕಪ್ಪು ಕೂರಿಸಿ ಅಚ್ಚುಕಟ್ಟಾದ ಠಾಣೆಯನ್ನೇ ಮಾಡಿಟ್ಟರು. ನಿಜವಾದ ಠಾಣೆಯಲ್ಲಿ ಫ್ಯಾನು ತಿರುಗುತ್ತಿರಲಿಲ್ಲ, ಅಲ್ಲಿ ತಿರುಗುತ್ತಿತ್ತು. ಅಲ್ಲಿ ಕುಡಿಯಲು ನೀರಿತ್ತು, ಕೂರಲು ಬೆಂಚಿತ್ತು. ಸೆಲ್ಯೂಟು ಹೇಗೆ, ಬೆಲ್ಟು ಎಲ್ಲಿಗೆ ಎಂದು ಹೇಳಿಕೊಡಲು ಸಾಹೇಬರು ದಫೇದಾರನನ್ನು ಮೂರು ವಾರ ಅಲ್ಲಿಗೆ ಕಳಿಸಿದರು. ಬದಲಿಗೆ ಸಾಹೇಬರ ಹೆಂಡತಿಗೆ ಮದುವೆ ದೃಶ್ಯದಲ್ಲಿ ನಿಲ್ಲುವ ಅವಕಾಶ ಸಿಕ್ಕಿತು.

ಮೊದಲ ದಿನವೇ ಡೈರೆಕ್ಟರ್ ದಫೇದಾರನ ಬರವಣಿಗೆ ನೋಡಿ ಮರುಳಾದ. "ದೂರು ಬರೆಯೋ ಕೈ ನಿಮ್ದೇ ಆಗ್ಬೇಕು, ಸಾರ್. ನಮ್ಮ ನಟರ ಅಕ್ಷರ ನೋಡಿದ್ರೆ ಕಾಗೆ ಕಾಲು."

"ನನ್ನ ಮುಖ ಬರಲ್ವಾ?"

"ಮುಖಕ್ಕೆ ಬೇರೆಯವರಿದಾರೆ."

ದಫೇದಾರನಿಗೆ ಕೆಲಸದ ಮೇಲೆ ಶ್ರದ್ಧೆ ಜಾಸ್ತಿ. ಸೆಟ್ಟಿನವರು ಕೊಟ್ಟ ರಬ್ಬರ್ ಸೀಲು ಅವನಿಗೆ ಹಿಡಿಸಲಿಲ್ಲ. ಅಕ್ಷರ ಸೊಟ್ಟ, ವೃತ್ತ ಮೊಟ್ಟೆಯಂತೆ. "ಇದು ಠಾಣೆ ಸೀಲೇ ಅಲ್ಲ, ಬೇಕರಿ ಸೀಲು" ಅಂದ. ಮಾರನೆಯ ದಿನ ಅಂಗಿಯ ಜೇಬಿನಲ್ಲಿ ಠಾಣೆಯ ನಿಜವಾದ ಸೀಲು ತಂದ. ಸಿನಿಮಾದಲ್ಲಿ ತಪ್ಪು ಕಾಣಬಾರದು ಎನ್ನುವುದಷ್ಟೇ ಅವನ ಆಸೆ.

ಎರಡನೆಯ ವಾರಕ್ಕೆ ಜನ ಬರತೊಡಗಿದರು. ಶೂಟಿಂಗ್ ನೋಡಲು ಬಂದರೆಂದುಕೊಂಡರೆ, ಅವರ ಕೈಯಲ್ಲಿ ಅರ್ಜಿಗಳಿದ್ದವು. ಪಕ್ಕದ ಮನೆಯ ಮೋರಿ ನೀರು ನಮ್ಮ ಅಂಗಳಕ್ಕೆ. ಮೇಕೆ ಕಾಣೆ. ಭಾವಮೈದುನ ಒಯ್ದ ಏಣಿ ವಾಪಸು ಕೊಡುತ್ತಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಓಡಿಸಲು ಹೋದ. ಡೈರೆಕ್ಟರ್ ತಡೆದ. "ಬಿಡ್ರೀ! ಇಂಥ ಮುಖ ಎಷ್ಟು ಕೊಟ್ರೂ ಸಿಗಲ್ಲ. ಕ್ಯಾಮೆರಾ ಆನ್ ಮಾಡಿ."

ಇನ್‌ಸ್ಪೆಕ್ಟರ್ ಪಾತ್ರದ ಹಾಸ್ಯನಟ ಹತ್ತಿಯ ಹೊಟ್ಟೆ ಕಟ್ಟಿಕೊಂಡು ಕುರ್ಚಿಯಲ್ಲಿ ಕೂರುವುದು, ಬಂದವರು ದೂರು ಹೇಳುವುದು, ದಫೇದಾರನ ಕೈ ಬರೆಯುವುದು. ಬರೆದ ಮೇಲೆ ನಂಬರು, ತಾರೀಖು, ಸಹಿ, ಸೀಲು, ನಕಲು. ಕೈಗೆ ಬೇರೆ ಬರೆಯುವುದು ಗೊತ್ತಿರಲಿಲ್ಲ. ಮೂರು ವಾರ ಮುಗಿಯುವಷ್ಟರಲ್ಲಿ ಮೂವತ್ತೇಳು ದೂರು ದಾಖಲಾದವು. ಆ ಇಡೀ ವರ್ಷ ನಿಜವಾದ ಠಾಣೆಯಲ್ಲಿ ದಾಖಲಾದದ್ದು ಹನ್ನೆರಡು. ನಕಲು ತೋರಿಸಿದ್ದೇ ತಡ, ಪಕ್ಕದ ಮನೆಯವನು ಮೋರಿ ತಿರುಗಿಸಿದ. ಏಣಿ ವಾಪಸು ಬಂತು. ಮೇಕೆಯೊಂದು ಮಾತ್ರ ಸಿಗಲಿಲ್ಲ. ವೇಷ ಹಾಕಿದ ಪೊಲೀಸರು ಸಂಬಳದ ಪೊಲೀಸರಿಗಿಂತ ಚೆನ್ನಾಗಿ ಊರು ಕಾಯ್ದರು. ಇದಕ್ಕೆ ನಗಬೇಕೋ ಅಳಬೇಕೋ ಎಂದು ಯಾರೂ ಕೇಳಿಕೊಳ್ಳಲಿಲ್ಲ, ಎಲ್ಲರೂ ನಕ್ಕರು.

ಗುಂಡಿ ಅಂಗಡಿಯ ಅಕ್ಕ ಬಂದದ್ದು ಕೊನೆಯ ವಾರ. ತಮ್ಮನನ್ನೂ ಕರೆತಂದಿರಲಿಲ್ಲ, ಒಬ್ಬಳೇ. ಅವಳನ್ನು ಕಂಡು ದಫೇದಾರ ರೂಢಿಯಂತೆ 'ನಾಳೆ ಬನ್ನಿ' ಅನ್ನಲು ಬಾಯಿ ತೆರೆದ. ಆದರೆ ಕ್ಯಾಮೆರಾ ಓಡುತ್ತಿತ್ತು. ಹಾಸ್ಯನಟ ಎದ್ದು ನಿಂತು, "ಬನ್ನಿ ತಾಯಿ, ಕೂತ್ಕೊಳ್ಳಿ" ಅಂದ. ಪಾತ್ರದ ಮಾತೇ ಅದು. ಅವಳು ಕುರ್ಚಿಯನ್ನು ಒಮ್ಮೆ ಮುಟ್ಟಿ ನೋಡಿ ಕೂತಳು.

ಹೇಳತೊಡಗಿದಳು. ನಟ ಕೇಳಿಸಿಕೊಳ್ಳಲು ಮುಂದೆ ಬಾಗಿದ. ಹತ್ತಿಯ ಹೊಟ್ಟೆ ಮೇಜಿಗೆ ತಗುಲಿ ಮೇಜು ಒಂದು ಗೇಣು ಮುಂದೆ ಸರಿಯಿತು. ಅವಳು ಕುರ್ಚಿ ಹಿಂದಕ್ಕೆ ಎಳೆದುಕೊಂಡು ಹೇಳುತ್ತಲೇ ಹೋದಳು. ಅವನು ಇನ್ನಷ್ಟು ಬಾಗಿದ. ಮೇಜು ಇನ್ನೊಂದು ಗೇಣು. ಡೈರೆಕ್ಟರ್ ಬಾಯಿಗೆ ಕರವಸ್ತ್ರ ತುರುಕಿಕೊಂಡು, ಇನ್ನೂ ತಳ್ಳು ಎಂದು ಸನ್ನೆ ಮಾಡಿದ. ದಫೇದಾರ ಮೇಜಿನ ಜೊತೆಜೊತೆಗೇ ಏಡಿಯ ಹಾಗೆ ಪಕ್ಕಕ್ಕೆ ನಡೆಯುತ್ತ ಬರೆದ. ಅವಳು ಗೋಡೆ ಮುಟ್ಟಿದಳು, ಬಾಗಿಲು ಮುಟ್ಟಿದಳು, ಕೊನೆಗೆ ಕುರ್ಚಿಯ ಸಮೇತ ಹೊಸ್ತಿಲಿನಿಂದಾಚೆ ರಸ್ತೆಯಲ್ಲಿದ್ದಳು. ಅಲ್ಲಿಂದಲೂ ಹೇಳುತ್ತಿದ್ದಳು: ಯಾವ ದಿನ, ಎಷ್ಟು ಗಂಟೆ, ಹೊಡೆದವರು ಯಾರು, ಆಗ ಕೋಣೆಯಲ್ಲಿ ಇನ್ನಾರಿದ್ದರು. 'ಇನ್ನಾರಿದ್ದರು' ಎನ್ನುವಲ್ಲಿ ದಫೇದಾರನನ್ನೇ ನೋಡಿದಳು. ಅವನು ಅದನ್ನೂ ಬರೆದ. ಸಹಿ ತೆಗೆದುಕೊಂಡ. ಸೀಲು ಒತ್ತಿದ. ನಕಲು ಹರಿದು ಕೊಟ್ಟ.

"ಕಟ್!" ಅಂದ ಡೈರೆಕ್ಟರ್. ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಅವಳು ಸೀಲನ್ನು ಬೆಳಕಿಗೆ ಹಿಡಿದು ಓದಿ, ಕಾಗದ ಮಡಚಿ ಹೊರಟುಹೋದಳು.

ಮಾರನೆಯ ವಾರ ಅದೇ ನಕಲು ಹಿಡಿದು ನಿಜವಾದ ಠಾಣೆಗೆ ಬಂದಳು.

"ಅದು ಸಿನಿಮಾದ್ದು, ಅಕ್ಕ" ಎಂದ ದಫೇದಾರ.

"ಸೀಲು?"

ದಫೇದಾರ ಪ್ಯಾಡಿಗೆ ಮಸಿ ಹಾಕತೊಡಗಿದ.

ಐದು ತಿಂಗಳ ಮೇಲೆ 'ಲಾಠಿಗೆ ರಜೆ' ತೆರೆಕಂಡಿತು. ಚಿತ್ರ ಚೆನ್ನಾಗಿತ್ತು. ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋದರೆ ಮೋಸವಾದೀತು. ಇಬ್ಬರು ಪೇದೆಗಳು ತಮ್ಮ ಠಾಣೆಯ ಜೀಪನ್ನೇ ಕಳೆದುಕೊಂಡು, ಅದನ್ನು ಹುಡುಕಿಕೊಡಿ ಎಂದು ಕಳ್ಳನ ಬಳಿಯೇ ಅಂಗಲಾಚುತ್ತಾರೆ. ಒಬ್ಬ ಪೇದೆ ಲಾಕಪ್ಪಿನಲ್ಲಿ ನಿದ್ದೆ ಹೋಗಿ ಬೀಗ ಬೀಳುತ್ತದೆ. ಹೊರಗಿರುವ ಕೈದಿ ಅವನಿಗೆ ಟೀ ತಂದು ಕೊಟ್ಟು, ಜಾಮೀನಿಗೆ ಓಡಾಡುತ್ತಾನೆ. ಹಾಸ್ಯನಟ ಸುಮ್ಮನೆ ಟೋಪಿ ತಲೆಗಿಟ್ಟುಕೊಂಡರೂ ಜನ ಹೊಟ್ಟೆ ಹಿಡಿದುಕೊಳ್ಳುವ ಹಾಗೆ ಇಡುತ್ತಿದ್ದ. ಖಾಕಿ ಕಂಡರೆ ಬೀದಿಯ ಆಚೆ ಬದಿಗೆ ಹೋಗುತ್ತಿದ್ದ ಮುದುಕಿಯರು ಈಗ ಪೇದೆಗಳನ್ನು ನಿಲ್ಲಿಸಿ, "ಜೀಪು ಸಿಕ್ತೇನಪ್ಪ?" ಎಂದು ಕೇಳಿ ಕಿಸಕ್ಕೆನ್ನುತ್ತಿದ್ದರು. ಭಯ ಹೋಗುವುದೇನು ಸಣ್ಣ ವಿಷಯವೇ? ಒಳ್ಳೆಯ ನಗು ಅಷ್ಟು ಕೆಲಸ ಮಾಡಿತ್ತು.

ಆದರೆ ಆ ಚಿತ್ರದಲ್ಲಿ ಏಟಿಗೆ ಮರುದಿನವೇ ಇರಲಿಲ್ಲ. ಕೆನ್ನೆಗೆ ಬಿದ್ದರೆ ತಂತಿ ಮೀಟಿದ ಸದ್ದು, ಹೊಡೆಸಿಕೊಂಡವನು ಒಂದು ಸುತ್ತು ತಿರುಗಿ ಹಲ್ಲು ಕಿರಿದು ನಿಲ್ಲುತ್ತಾನೆ. ಪೊಲೀಸರೆಲ್ಲ ಪಾಪದವರು, ಪೆದ್ದರು. ದೂರು ತಂದವರು ಪೆದ್ದರಲ್ಲೇ ಪೆದ್ದರು. ಮೇಜು ತಳ್ಳುವ ದೃಶ್ಯದಲ್ಲಿ ಅಕ್ಕನ ಮಾತನ್ನು ತೆಗೆದು ಬ್ಯಾಂಡು ಹಾಕಿದ್ದರು. ಅವಳ ತುಟಿ ಆಡುತ್ತದೆ, ಕಹಳೆ ಊದುತ್ತದೆ, ಮೇಜು ಸರಿಯುತ್ತದೆ. ಚಿತ್ರಮಂದಿರ ಕಿತ್ತುಹೋಗುವ ಹಾಗೆ ನಗೆ. ಮಾಡಿದವರಷ್ಟೇ ಅಲ್ಲ, ಟಿಕೆಟ್ಟು ಕೊಂಡು ಸಿಳ್ಳೆ ಹಾಕಿದ ನಾವೂ ಆ ಮೇಜಿಗೆ ಕೈ ಕೊಟ್ಟವರೇ.

ದಫೇದಾರನ ಮನೆಯಲ್ಲಿ ಮಾತ್ರ ಸಂಭ್ರಮವೋ ಸಂಭ್ರಮ. ಪರದೆಯ ಮೇಲೆ ಅವನ ಕೈಗಳು ಎತ್ತಿನ ಗಾಡಿಯಷ್ಟು ದೊಡ್ಡದಾಗಿ ನಾಲ್ಕು ಸಲ ಬಂದಿದ್ದವು. ಹೆಂಡತಿ ತನ್ನ ಅಕ್ಕ, ಭಾವ, ಚಿಕ್ಕಮ್ಮನನ್ನೆಲ್ಲ ಕರೆದೊಯ್ದು, "ನೋಡಿ, ಅದೇ ನಮ್ಮವರ ಹೆಬ್ಬೆಟ್ಟು!" ಎಂದು ಕತ್ತಲಲ್ಲಿ ಕೂಗಿದಳು. ಈರುಳ್ಳಿ ಹೆಚ್ಚುವುದರಿಂದ ಅವನಿಗೆ ಬಿಡುಗಡೆ ಸಿಕ್ಕಿತು. "ಕೈಗೆ ಏನಾದ್ರೂ ಆದ್ರೆ? ಮುಖಕ್ಕೆ ಏನಾದ್ರೂ ಪರವಾಗಿಲ್ಲ" ಎಂದು ಎಣ್ಣೆ ಹಚ್ಚಿ ತಿಕ್ಕಿದಳು. ಕ್ಷೌರದಂಗಡಿಯವನು ಉಗುರು ಕತ್ತರಿಸಿಕೊಟ್ಟ.

ಗುಂಡಿ ಅಂಗಡಿಯ ಅಕ್ಕ ಒಮ್ಮೆ ಮಾತ್ರ ನೋಡಿದಳು. ಅಕ್ಕಪಕ್ಕದವರು ಅವಳ ಬೆನ್ನು ತಟ್ಟಿ, "ಏನ್ ಆ್ಯಕ್ಟಿಂಗ್ ಮಾಡಿದೀಯಮ್ಮ!" ಎಂದರು. ಮರುದಿನ ಬೆಳಿಗ್ಗೆ ನಕಲಿನ ಜೊತೆ ಮೇಲಿನ ಕಚೇರಿಗೆ ಪತ್ರ ಹಾಕಿದಳು. ಪತ್ರದಲ್ಲಿ ಎರಡೇ ಸಾಲು. ಈ ತಾರೀಖಿನಲ್ಲಿ ಠಾಣೆಯ ಸೀಲು ಹಾಕಿ ನನ್ನ ದೂರು ತೆಗೆದುಕೊಂಡಿದ್ದಾರೆ. ಮುಂದೆ ಏನಾಯಿತು, ತಿಳಿಸಿ.

ವಿಚಾರಣೆಗೆ ಅಧಿಕಾರಿ ಬರುತ್ತಾರೆಂದು ಆದೇಶ ಬಂತು. ಸಾಹೇಬರು ದಫೇದಾರನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಏನಯ್ಯಾ, ನಿನ್ನ ಕೈಗೆ ಸ್ಟಾರ್ ಆಗೋ ಹುಚ್ಚು ಹತ್ತಿತ್ತಾ?"

"ಸೀಲು ಸೊಟ್ಟ ಇತ್ತು, ಸಾರ್. ಅದಕ್ಕೆ..."

"ಸೊಟ್ಟ ಇದ್ರೆ ನಿನ್ನಪ್ಪನ ಗಂಟೇನು ಹೋಗ್ತಿತ್ತು? ಈಗ ಕೇಳು. ಅದು ನಾಟಕದ ಕಾಗದ, ತಮಾಷೆಗೆ ಬರೆದದ್ದು ಅಂತ ಹೇಳು. ಸೀಲು ಹೊರಗೆ ಒಯ್ದದ್ದಕ್ಕೆ ನಿಂಗೊಂದು ಎಚ್ಚರಿಕೆ ಪತ್ರ, ಅಷ್ಟೇ. ಇಲ್ಲಾಂದ್ರೆ ನಾನು ಮುಳುಗ್ತೀನಿ, ನಿನ್ನ ತಲೆ ಮೇಲೆ ಕಾಲಿಟ್ಟೇ ಮುಳುಗ್ತೀನಿ. ದಿನಚರಿಯಲ್ಲಿ ಮೆಟ್ಟಿಲು ಬರೆದೋನು ನೀನೇ, ಮರೀಬೇಡ."

ಆಗ ಸಾಹೇಬರಿಗೆ ಮೆಟ್ಟಿಲಿನ ಯೋಚನೆ ಹತ್ತಿತು. ಅಧಿಕಾರಿ ಬಂದು ಮೆಟ್ಟಿಲು ಎಲ್ಲಿ ಎಂದರೆ? ಅದೇ ದಿನ ಗಾರೆಯವನನ್ನು ಕರೆಸಿದರು. ಗಾರೆಯವನು ನೆಲ ನೋಡಿ ತಲೆ ಕೆರೆದುಕೊಂಡ. "ಒಳಗೂ ಹೊರಗೂ ಒಂದೇ ಮಟ್ಟ ಐತಲ್ಲ ಸಾರ್. ಮೆಟ್ಲು ಎಲ್ಲಿಗೆ ಹತ್ಬೇಕು?"

"ಹತ್ಲಿ, ಇಳೀಲಿ. ನಿಂಗ್ಯಾಕೆ? ಕಟ್ಟು."

ಅವನು ಬಾಗಿಲ ಮುಂದೆ ಮೇಲಕ್ಕೆ ಮೂರು ಮೆಟ್ಟಿಲು ಕಟ್ಟಿದ. ಮೇಲೆ ಹೋದವರು ಒಳಗೆ ಬರಲೇಬೇಕಲ್ಲ ಎಂದು ಕೆಳಕ್ಕೆ ಮತ್ತೆ ಮೂರು ಕಟ್ಟಿದ. ಠಾಣೆಗೆ ಬರುವವರು ಹತ್ತಿ ಇಳಿದು ಬರಬೇಕಾಯಿತು. ಹಸಿ ಸಿಮೆಂಟಿನಲ್ಲಿ ಮೊದಲು ಜಾರಿ ಬಿದ್ದವರು ಸಾಹೇಬರೇ. ಮೊಣಕಾಲು ಊದಿತು. ದಫೇದಾರ ದಿನಚರಿ ತೆರೆದ, ಪೆನ್ನಿನ ಮುಚ್ಚಳ ತೆಗೆದ. ಏನು ಬರೆಯುವುದು? ಅವನ ಇಪ್ಪತ್ತೊಂಬತ್ತು ವರ್ಷದಲ್ಲಿ ಠಾಣೆಯ ಮೆಟ್ಟಿಲಿನಲ್ಲಿ ನಿಜವಾಗಿ ಜಾರಿ ಬಿದ್ದ ಮೊದಲ ಮನುಷ್ಯ ಇವರೇ. ಬರೆದರೆ ಸುಳ್ಳಿನ ಹಾಗೆ ಕಾಣುತ್ತಿತ್ತು. ಪುಸ್ತಕ ಮುಚ್ಚಿದ.

ಅಂದು ಮನೆಯಲ್ಲಿ ದಫೇದಾರ ಅರ್ಧ ಊಟಕ್ಕೇ ಎದ್ದ. ಹೆಂಡತಿ ಎಣ್ಣೆ ಬಟ್ಟಲು ತಂದಾಗ ಕೈ ಹಿಂದಕ್ಕೆಳೆದುಕೊಂಡ.

"ಯಾಕ್ರೀ?"

"ಆ ಹೆಂಗಸು ಹೇಳ್ತಿದ್ದದ್ದು ಏನು ಅಂತ ನೀನು ಯಾವತ್ತಾದ್ರೂ ಕೇಳಿದ್ಯಾ? ಮೇಜು ತಳ್ತಾರಲ್ಲ, ಅವಳು."

"ಅಲ್ಲಿ ಬ್ಯಾಂಡಲ್ವಾ ಕೇಳ್ಸೋದು?"

ದಫೇದಾರ ಹೇಳಿದ. ಏಟಿನಿಂದ ಹಿಡಿದು ಮೆಟ್ಟಿಲಿನ ತನಕ ಎಲ್ಲ ಹೇಳಿದ. ಹೆಂಡತಿ ಬಟ್ಟಲು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ, "ನಾನು ಚಿಕ್ಕಮ್ಮನ್ನೂ ಕರ್ಕೊಂಡು ಹೋಗಿ ನಗ್ಸಿದ್ನಲ್ರೀ" ಅಂದಳು.

ಮರುದಿನವೇ ಬಂದ ವಿಚಾರಣೆಯ ಅಧಿಕಾರಿ ಒಬ್ಬ ಹಿರಿಯ ಮಹಿಳೆ. ಹತ್ತಿ ಇಳಿದು ಠಾಣೆಯ ಒಳಗೆ ಬಂದವರೇ ಹಿಂತಿರುಗಿ ಮೆಟ್ಟಿಲನ್ನೊಮ್ಮೆ ನೋಡಿದರು, ಬೆರಳಿನಿಂದ ಸಿಮೆಂಟು ಒತ್ತಿದರು. ಬೆರಳು ಒಳಗೆ ಹೋಯಿತು. ದೂರು ತೆಗೆದುಕೊಂಡ ದೃಶ್ಯ ಚಿತ್ರದಲ್ಲಿದೆಯಾದ್ದರಿಂದ ಅದನ್ನು ನೋಡದೆ ವಿಚಾರಣೆ ಆಗದು ಎಂದರು. ಹಾಗಾಗಿ ಮರುದಿನ ಬೆಳಿಗ್ಗೆ ಎಂಟಕ್ಕೆ, ಮೊದಲ ಆಟಕ್ಕೆ ಮುಂಚೆ, ಚಿತ್ರಮಂದಿರದಲ್ಲೇ ವಿಚಾರಣೆ ಕೂತಿತು. ಆರು ನೂರು ಕುರ್ಚಿಯಲ್ಲಿ ಏಳು ಜನ: ಅಧಿಕಾರಿ, ಅವರ ಗುಮಾಸ್ತ, ಮೊಣಕಾಲಿಗೆ ಪಟ್ಟಿ ಕಟ್ಟಿದ ಸಾಹೇಬರು, ದಫೇದಾರ, ಅಕ್ಕ, ಅವಳ ತಮ್ಮ, ಸಿನಿಮಾ ಠಾಣೆಯ ದೂರಿನ ಪುಸ್ತಕ ತಂದಿದ್ದ ಪ್ರೊಡಕ್ಷನ್ ಮ್ಯಾನೇಜರ್.

ಮೇಜು ಸರಿಯತೊಡಗಿತು. ಕಹಳೆ ಊದಿತು. ಗುಮಾಸ್ತ ಪುಸುಕ್ಕೆಂದ. ಸಾಹೇಬರು ಗಹಗಹಿಸಿದರು. ಅಧಿಕಾರಿ ತಡೆದುಕೊಂಡರು, ತುಟಿ ಕಚ್ಚಿದರು, ಕೊನೆಗೆ ಕುರ್ಚಿ ರಸ್ತೆಗೆ ಬಿದ್ದಾಗ ಅವರ ಭುಜಗಳೂ ಕುಲುಕಿದವು. ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮ. ಕಣ್ಣೀರು ಬರುವ ತನಕ ನಕ್ಕ.

ದೀಪ ಹಾಕಿಸಿದ ಅಧಿಕಾರಿ ಮುಖ ಒರೆಸಿಕೊಂಡು ಅವನನ್ನು ಕೇಳಿದರು: "ನೀನು ನಗ್ತೀಯಾ?"

"ನಾಲ್ಕನೇ ಸಲ ನೋಡ್ತಿರೋದು, ಮೇಡಂ" ಎಂದ ತಮ್ಮ, ಬಲಗಿವಿ ಅವರ ಕಡೆ ತಿರುಗಿಸಿ. "ಬಹಳ ಇಷ್ಟ ನಂಗೆ. ಇದ್ರಲ್ಲಿ ಏಟು ತಿಂದೋನು ತಿರುಗಿ ಎದ್ದು ನಿಲ್ತಾನೆ. ನೋಡೋಕೆ ಚಂದ."

ಅಧಿಕಾರಿ ಅಕ್ಕನ ಕಡೆ ತಿರುಗಿದರು. "ಅದು ಸಿನಿಮಾ ಠಾಣೆ ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿಲ್ದೆ ಏನು? ದೀಪ, ವೈರು, ಕೊಡೆ ಹಿಡ್ಕೊಂಡ ನಟಿ. ನಾನೇನು ಕುರುಡೀನಾ? ಆದ್ರೆ ಅಲ್ಲಿ ಕುರ್ಚಿ ಕೊಟ್ರು. ಬರಿಯೋ ಮನುಷ್ಯ ನಿಜದವನು, ಸೀಲು ನಿಜದ್ದು. ನಾನು ಹೇಳಿದ್ದೂ ನಿಜ. ಇನ್ನೇನು ಬೇಕು ನಿಮ್ಮ ದೂರಿಗೆ?"

ಗುಮಾಸ್ತ ಎರಡು ಪುಸ್ತಕಗಳನ್ನು ಟಿಕೆಟ್ ಕೌಂಟರಿನ ಹಲಗೆಯ ಮೇಲೆ ಬಿಚ್ಚಿಟ್ಟ. ಒಂದು ಠಾಣೆಯ ದಿನಚರಿ, ಅದರಲ್ಲಿ ಮೆಟ್ಟಿಲು. ಇನ್ನೊಂದು ಸಿನಿಮಾದ ದೂರಿನ ಪುಸ್ತಕ, ಅದರಲ್ಲಿ ಏಟು. ಎರಡೂ ಕಡೆ ಅದೇ ಮುತ್ತು ಪೋಣಿಸಿದ ಅಕ್ಷರ.

"ದಫೇದಾರ್, ಇವೆರಡರಲ್ಲಿ ತಮಾಷೆಗೆ ಬರೆದದ್ದು ಯಾವುದು?"

ಸಾಹೇಬರು ಕೆಮ್ಮಿದರು. ದಫೇದಾರ ಎರಡೂ ಪುಟ ನೋಡಿದ. ತನ್ನ ಅಕ್ಷರವೇ ಯಾರದೋ ಎನ್ನುವ ಹಾಗೆ ನೋಡಿದ. ಆಮೇಲೆ ದಿನಚರಿಯ ಮೇಲೆ ಬೆರಳಿಟ್ಟ.

"ಇದು, ಮೇಡಂ. ಠಾಣೆಗೆ ಮೆಟ್ಟಿಲಿರಲಿಲ್ಲ. ನಾನು ಬರೆದೆ, ಸಾಹೇಬರು ಮೊನ್ನೆ ಕಟ್ಟಿಸಿದ್ರು."

"ಲೋ!" ಎಂದು ಸಾಹೇಬರು ಎದ್ದರು. ಮೊಣಕಾಲು ಹಿಡಿಯಿತು, ಹಾಗೇ ಕೂತರು.

"ಹೊಡೆದದ್ದು ನೋಡಿದ್ರಾ?"

"ನೋಡಿದೆ. ಎರಡು ಮಾರು ದೂರ ಇದ್ದೆ."

ಗುಮಾಸ್ತ ಹೇಳಿಕೆ ಬರೆದುಕೊಳ್ಳತೊಡಗಿದ. ಒಂದು ಸಾಲಿಗೆ ಎರಡು ಸಲ ನಾಲಿಗೆ ಕಚ್ಚುವ, ಮೂರು ಸಲ ಹೊಡೆದು ಹಾಕುವ ಗುಮಾಸ್ತ. ದಫೇದಾರನಿಗೆ ಸಹಿಸಲಾಗಲಿಲ್ಲ. "ಇಲ್ಲಿ ಕೊಡಿ" ಎಂದು ಪೆನ್ನು ತೆಗೆದುಕೊಂಡು ತನ್ನ ಮೇಲಿನ ಹೇಳಿಕೆಯನ್ನು ತಾನೇ ಬರೆದ. ಏಟು, ಸುಳ್ಳು ದಾಖಲೆ, ಹೊರಗೊಯ್ದ ಸೀಲು, ಒಂದೂ ಬಿಡಲಿಲ್ಲ. ಸಹಿ ಹಾಕುವ ಮುಂಚೆ ಅಕ್ಕ ಕೈ ಚಾಚಿದಳು. ಗುಂಡಿ ಆರಿಸುವ ಹಾಗೆ ಒಂದೊಂದೇ ಪದ ಓದಿದಳು.

"ನಾಳೆ ಬನ್ನಿ ಅಂದದ್ದು ಬರ್ದಿಲ್ಲ."

ದಫೇದಾರ ಬರೆದ: ದೂರುದಾರರನ್ನು ಹನ್ನೊಂದು ಸಲ ಹಿಂದಕ್ಕೆ ಕಳಿಸಿರುತ್ತೇನೆ.

"ಹದಿನಾಲ್ಕು."

ಹನ್ನೊಂದನ್ನು ಹೊಡೆದು ಹದಿನಾಲ್ಕು ಮಾಡಿ, ತಿದ್ದಿದ ಕಡೆ ಸಹಿ ಹಾಕಿದ. ಅಧಿಕಾರಿ ಅದರ ಕೆಳಗೇ ಬರೆದರು: ದೂರನ್ನು ದಾಖಲಿಸಿಕೊಂಡಿದೆ. ನಂಬರು ಹೇಳಿದರು. ಅಕ್ಕ ಅದನ್ನು ಎರಡು ಸಲ ಬಾಯಲ್ಲಿ ಹೇಳಿಕೊಂಡಳು. ಸಾಹೇಬರು ಯಾರ ಕಡೆಯೂ ನೋಡದೆ ಕುಂಟುತ್ತ ಹೊರಟರು.

"ಮೇಡಂ" ಎಂದ ತಮ್ಮ, "ಇನ್ನರ್ಧ ಸಿನಿಮಾ ಹಾಕಿಸ್ತೀರಾ? ಜೀಪು ಸಿಗೋದು ಇಂಟರ್‌ವೆಲ್ ಆದ್ಮೇಲೆ."

ಅಧಿಕಾರಿ ಗಡಿಯಾರ ನೋಡಿಕೊಂಡರು, ಗುಮಾಸ್ತನ ಮುಖ ನೋಡಿದರು. ಮೊದಲ ಆಟಕ್ಕೆ ಇನ್ನೂ ಹೊತ್ತಿತ್ತು. ದೀಪ ಆರಿತು. ದಫೇದಾರ ಎಲ್ಲಿ ಕೂರುವುದೆಂದು ತಿಳಿಯದೆ ಸಾಲಿನ ಮಧ್ಯೆ ನಿಂತಿದ್ದ. ಅಕ್ಕ ತನಗೂ ತಮ್ಮನಿಗೂ ನಡುವಿನ ಕುರ್ಚಿಯಿಂದ ಬ್ಯಾಗು ತೆಗೆದು ಮಡಿಲಲ್ಲಿಟ್ಟುಕೊಂಡಳು. ಜಾಗ ಖಾಲಿಯಾಯಿತು. ಅವನು ಹೋಗಿ ತಮ್ಮನ ಎಡಕ್ಕೆ ಕೂತ.

"ಈ ಕಡೆ ಬನ್ನಿ, ದಫೇದಾರ್ರೇ" ಎಂದ ತಮ್ಮ, ಪರದೆಯಿಂದ ಕಣ್ಣು ಕೀಳದೆ. "ಆ ಕಡೆ ಕೂತು ನೀವು ಏನು ಹೇಳಿದ್ರೂ ನಂಗೆ ಕೇಳ್ಸಲ್ಲ."

ದಫೇದಾರ ಎದ್ದು ಅವನ ಮುಂದೆ ಬಗ್ಗಿ ದಾಟಿ ಬಲಕ್ಕೆ ಬಂದು ಕೂತ.